ಅತ್ತೆಯ ಅಳತೆ, ಅಳಿಯನ ಜೀಪು

ಮಗಳ ಮನೆಯಲ್ಲಿ ತಮಗಿಂತ ಹೆಚ್ಚು ಉಪಚಾರ ಮಾಡಿಸಿಕೊಳ್ಳುವ ಮುದುಕಿ ಇನ್ನೊಬ್ಬಳಿದ್ದಾಳೆ ಎಂಬುದೇ ಅತ್ತೆಯವರ ಸಂಕಟ. ಆ ಮುದುಕಿ ಅಳಿಯನ ಹಳೇ ಜೀಪು. ಎಂಜಿನ್ನಿನ ಬಲ ಅದರ ನಾಲ್ಕು ಚಕ್ರಕ್ಕೂ ಹರಿಯುತ್ತದಂತೆ, ಬೆಟ್ಟವನ್ನೇ ಹತ್ತುತ್ತದಂತೆ. (ಶೆಡ್ಡಿನ ಹೊಸ್ತಿಲು ದಾಟಿದ್ದನ್ನು ಮಾತ್ರ ಈಚೆಗೆ ಯಾರೂ ಕಂಡಿಲ್ಲ.) ಅತ್ತೆಯವರ ಮಂಡಿ ನೋವಿಗೆ ಮುಲಾಮು ತರಲು ಮರೆಯುವ ಅಳಿಯ, ಜೀಪಿನ ಕೀಲು ಕಿರುಗುಟ್ಟಿದರೆ ಡಬ್ಬಿಗಟ್ಟಲೆ ಗ್ರೀಸು ತಂದು ನೀವುತ್ತಾನೆ.

ಆದರೂ ಅವರು ಸೈರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಗಂಡ ಹೋದ ಮೇಲೆ ಬಟ್ಟೆ ಹೊಲಿದೇ ಮಗಳನ್ನು ಬೆಳೆಸಿದವರು ಅವರು. ಈಗ ಅವರ ಹೊಲಿಗೆ ಯಂತ್ರಕ್ಕೆ ಅಡುಗೆಮನೆಯ ಮೂಲೆಯೇ ಗತಿ. ಗಿರಾಕಿಯ ಹೊಸ ಬಟ್ಟೆಗೆಲ್ಲ ಈರುಳ್ಳಿ ವಾಸನೆ. "ಜೀಪು ರೆಡಿಯಾದ ದಿನ ಬೀದಿಗೆ ನಿಲ್ಲಿಸ್ತೀನಿ, ಶೆಡ್ಡು ನಿಮ್ಮದೇ ಅತ್ತೆ" ಎಂದು ಅಳಿಯ ಮಾತು ಕೊಟ್ಟಿದ್ದ. ಆದರೆ ಅದು ರೆಡಿಯಾಗುವ ಜಾತಿಯೇ? ಬ್ರೇಕು ಸರಿಹೋದರೆ ರೇಡಿಯೇಟರ್ ಸೋರುತ್ತಿತ್ತು. ಅದಕ್ಕೆ ತೇಪೆ ಹಾಕಿದರೆ ಗೇರು ಮುನಿಸಿಕೊಳ್ಳುತ್ತಿತ್ತು.

"ಏನ್ ಅಳಿಯಂದ್ರೇ, ಇವತ್ತೇನು ಶುಶ್ರೂಷೆ?"

"ಸ್ಪ್ರಿಂಗ್ ಪಟ್ಟಿ ಬದಲಾಯಿಸ್ತಿದ್ದೀನಿ ಅತ್ತೆ. ಗಾಡಿ ಸ್ವಲ್ಪ ಎತ್ತರ ಆಗುತ್ತೆ."

"ಅಷ್ಟು ಎತ್ತರದಿಂದ ಏನು ಕಾಣ್ಬೇಕು ನಿಮಗೆ?"

"ಹಳ್ಳ ಕೊಳ್ಳ ದಾಟುವಾಗ ಅಡಿ ತಾಗಬಾರದಲ್ವಾ."

"ನಮ್ಮ ಬೀದೀಲಿರೋದು ಒಂದೇ ಹಳ್ಳ. ಅದರಲ್ಲಿ ಬಿದ್ದೆದ್ದು ಬಂದೋರು ನೀವೇ, ಅದೂ ನಡ್ಕೊಂಡು."

ಸ್ಪ್ರಿಂಗ್ ಆದ ಮೇಲೆ ಅಗಲವಾದ ದೊಡ್ಡ ಟೈರು ಬಂತು. ಅದಾದ ಮೇಲೆ ತಗಡಿನ ಟಾಪು ಬಂದು, ಮತ್ತೆಂದೂ ಬಿಚ್ಚದಂತೆ ವೆಲ್ಡಿಂಗ್ ಮಾಡಿಸಿಕೊಂಡಿತು. ಅತ್ತೆಯವರು ಸುಮ್ಮನೆ ಕೂರಲಿಲ್ಲ. ಜೀಪು ಹೇಗೂ ನಿಂತಲ್ಲೇ ನಿಂತಿರುತ್ತದಲ್ಲ ಎಂದು ತಮ್ಮ ಬಟ್ಟೆ ಗಂಟುಗಳನ್ನೆಲ್ಲ ಅದರ ಹೊಟ್ಟೆಗೆ ತುಂಬಿ, ಚಕ್ರವಿರುವ ಬೀರು ಮಾಡಿಕೊಂಡರು.

ಒಂದು ಮಧ್ಯಾಹ್ನ ಅಳಿಯ ಶೆಡ್ಡಿನ ಬಾಗಿಲ ಮೇಲಿನ ತೊಲೆಯನ್ನೂ ಜೀಪಿನ ನೆತ್ತಿಯನ್ನೂ ನೋಡಿ ತಲೆ ಕೆರೆದುಕೊಂಡ.

"ನೀವು ಬಿಡಿ. ನಿಮ್ಮ ಕಣ್ಣಳತೆ ನಂಬಿದ್ರೆ ಅಂಗಿಗೆ ಮೂರು ತೋಳು ಬರುತ್ತೆ" ಎಂದು ಅತ್ತೆಯವರು ಕೊರಳಿನ ಟೇಪು ತೆಗೆದು, ಸ್ಟೂಲು ಹತ್ತಿ, ಗಾಡಿಯನ್ನು ಅಳೆದರು, ಬಾಗಿಲನ್ನೂ ಅಳೆದರು. "ಒಂದು ಬೆರಳು ಜಾಗ ಉಳಿಯುತ್ತೆ. ನನ್ನ ಅಳತೆ ಇದುವರೆಗೂ ತಪ್ಪಿಲ್ಲ."

ಕೊನೆಗೊಂದು ಬೆಳಿಗ್ಗೆ ಎಂಜಿನ್ನು ಕೆಮ್ಮಿ, ಉಗುಳಿ, ಗುಡುಗಿತು. ಅತ್ತೆಯವರು ಆಗಲೇ ಗಂಟುಗಳನ್ನೆಲ್ಲ ಇಳಿಸಿ, ಯಂತ್ರ ಇಡುವ ಮೂಲೆ ಗುಡಿಸಿಟ್ಟಿದ್ದರು. ಜೀಪು ಗಾಂಭೀರ್ಯದಿಂದ ಹೊರಟು, ತೊಲೆಗೆ ಹಣೆ ಚಚ್ಚಿಕೊಂಡು ನಿಂತಿತು.

"ಹೊಲಿಯೋ ಮುಂಚೆ ಅಳತೆ ತಗೋಬೇಕು ಅನ್ನೋ ಬುದ್ಧಿ..."

"ಅಳತೆ ತಗೊಂಡಿದ್ದು ನೀನೇ ಅಮ್ಮ" ಎಂದಳು ಮಗಳು.

ಅತ್ತೆಯವರು ಮತ್ತೆ ಸ್ಟೂಲು ಹತ್ತಿದರು. ಜೀಪು ಬೆಳೆದಿತ್ತು.

"ಅವತ್ತು ನಿನ್ನ ಗಂಟುಗಳ ಭಾರಕ್ಕೆ ಕುಗ್ಗಿತ್ತು, ಇವತ್ತು ಇಳಿಸಿದೀಯ" ಎಂದು ಮಗಳು ಬಿಡಿಸಿ ಹೇಳಿದಳು.

"ಹಾಗಾದ್ರೆ ತೊಲೆ ಕಿತ್ತುಹಾಕಿ."

"ಅದರ ಮೇಲಿರೋದು ನೀವು ಮಲಗೋ ಕೋಣೆ ಅತ್ತೆ."

ಚಕ್ರದ ಗಾಳಿ ಇಳಿಸಲು ಅಳಿಯ ಒಪ್ಪಲಿಲ್ಲ. ಹೊಸ ಟೈರಿಗೆ ನೋವಾಗುತ್ತದಂತೆ. ಗಂಟುಗಳನ್ನೇ ಮತ್ತೆ ತುಂಬಿದರು. ಆದರೂ ಕೂದಲೆಳೆಯಷ್ಟು ಸಾಲದು. ಎಲ್ಲಕ್ಕಿಂತ ಭಾರವಾದ ಪರದೆಗಳ ಗಂಟು ಹಿಂದಿನ ದಿನವಷ್ಟೇ ಗಿರಾಕಿಯ ಮನೆ ಸೇರಿತ್ತು.

"ಅಷ್ಟು ತೂಕ ಈಗ ಎಲ್ಲಿಂದ ತರೋದು?" ಎಂದ ಅಳಿಯ. ಗಂಡ ಹೆಂಡತಿ ಇಬ್ಬರೂ ಅತ್ತೆಯವರ ಕಡೆ ತಿರುಗಿದರು. (ಅವರು ಯಾರ ಅಳತೆ ತೆಗೆದರೂ ತಮ್ಮದನ್ನು ಎಂದೂ ತೆಗೆದವರಲ್ಲ.)

"ನನ್ನೇನು ಮೂಟೆ ಅಂದ್ಕೊಂಡ್ರಾ?"

"ಶೆಡ್ಡು ಬೇಡ್ವಾ ಅಮ್ಮ?"

ಶೆಡ್ಡು ಬೇಕಿತ್ತು. ಸ್ಟೂಲಿನ ಮೇಲೆ ಕಾಲಿಟ್ಟು, ಮಗಳ ಕೈಲಿ ನೂಕಿಸಿಕೊಂಡು, ಅತ್ತೆಯವರು ಗಂಟುಗಳ ನಡುವೆ ಸ್ಥಾಪಿತರಾದರು. ಜೀಪು ಉಸ್ಸೆಂದು ಕುಸಿದು, ತೊಲೆಯ ಅಡಿಯಲ್ಲಿ ನುಸುಳಿ, ಬೀದಿಗೆ ಬಂತು.

ಖಾಲಿ ಶೆಡ್ಡನ್ನು ಅವರು ಕಣ್ತುಂಬ ನೋಡುತ್ತಿರುವಾಗಲೇ ಹಿಂದಿನಿಂದ ಕಸದ ಲಾರಿ ಬೊಬ್ಬೆ ಹೊಡೆಯಿತು. ಅಗಲ ಟೈರಿನ ಜೀಪು ನಿಂತ ಮೇಲೆ ಬೀದಿಯಲ್ಲಿ ಸೈಕಲ್ಲಿಗೂ ದಾರಿ ಇರಲಿಲ್ಲ.

"ಇದನ್ನ ಇಲ್ಲಿ ನಿಲ್ಸಿದ್ರೆ ನಾನೇನು ಹಾರ್ಕೊಂಡು ಹೋಗ್ಲಾ ಅಜ್ಜಿ?" ಎಂದ ಲಾರಿಯವನು.

ಅತ್ತೆಯವರು ಇಳಿಯಲು ಕಾಲು ಚಾಚಿದರು. ಸ್ಟೂಲು ಶೆಡ್ಡಿನೊಳಗೇ ಉಳಿದಿತ್ತು.

"ಇಳೀಬೇಡಿ ಅತ್ತೆ. ನೀವಿಳಿದ್ರೆ ಇದು ವಾಪಸ್ ಒಳಗೆ ಹೋಗಲ್ಲ."

ಈಗ ಹೊಲಿಗೆ ಯಂತ್ರ ಜೀಪಿನ ಹಿಂದಿನ ಸೀಟಿನಲ್ಲಿದೆ, ಅತ್ತೆಯವರೂ ಅಲ್ಲೇ. ಗಾಡಿ ಹೊರಡುವಾಗ ಅಳಿಯ ಹಾರ್ನ್ ಒತ್ತುತ್ತಾನೆ. ಅವರು ಸೂಜಿ ಎತ್ತಿ, ಬಾಗಿಲು ದಾಟಿದ ಮೇಲೆ ಮತ್ತೆ ಇಳಿಸುತ್ತಾರೆ. ಉಪಚಾರಕ್ಕಂತೂ ಕೊರತೆಯಿಲ್ಲ. ಮಂಡಿಗೆ ಮುಲಾಮು ಕೇಳುವ ಮೊದಲೇ ಬರುತ್ತದೆ. ಊಟಕ್ಕೆ ಕೂತರೆ ಅಳಿಯನೇ ಸೌಟು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾನೆ.

"ಸಾಕು ಅಳಿಯಂದ್ರೇ, ಹೊಟ್ಟೆ ತುಂಬ್ತು."

"ಇನ್ನೊಂದು ಸೌಟು ಹಾಕಿಸ್ಕೊಳ್ಳಿ ಅತ್ತೆ. ನಾಳೆ ಗಾಡಿ ತೆಗೀಬೇಕು."