ದರ್ಜೆವಾರು ಚಳಿ

ನಮ್ಮ ಬೀದಿದೀಪ ಇಲಾಖೆಯಲ್ಲಿ ಯಾರಿಗೆ ಎಷ್ಟು ಚಳಿಯಾಗತಕ್ಕದ್ದು ಎಂಬುದು ಅವರವರ ಹುದ್ದೆಗೆ ತಕ್ಕಂತೆ ನಿಗದಿಯಾಗಿದೆ. ಮೊದಲು ಹೀಗಿರಲಿಲ್ಲ. ಜವಾನನೂ ನಿರ್ದೇಶಕರೂ ಒಂದೇ ಬಾಯಲ್ಲಿ "ಅಬ್ಬಾ, ಏನ್ ಚಳಿ!" ಅನ್ನುತ್ತಿದ್ದರು. ಕನ್ನಡದಲ್ಲಿ ಚಳಿ ಎಂದರೆ ಮುಗಿಯಿತು, ಮೇಲುಕೀಳು ತಿಳಿಯುವುದಿಲ್ಲ. ಇಂಗ್ಲಿಷ್ ಹಾಗಲ್ಲ.

ಆದ್ದರಿಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರನ್ನು ಸಲಹೆಗಾರರನ್ನಾಗಿ ನೇಮಿಸಿಕೊಂಡೆವು. ಅವರು ಪದಗಳನ್ನು ಅಳೆದು ತೂಗಿ ಹಂಚಿದರು. ಜವಾನರಿಗೆ 'ಕೂಲ್'. ಅದರಲ್ಲಿ ಹಿತವೂ ಸೇರಿರುವುದರಿಂದ ಪರಿಹಾರದ ಪ್ರಶ್ನೆ ಇಲ್ಲ. ಗುಮಾಸ್ತರಿಗೆ 'ಚಿಲ್ಲಿ': ಮೈ ಜುಮ್ಮೆನ್ನಬಹುದು, ನಡುಗಕೂಡದು. ಸ್ವಂತ ಖರ್ಚಿನಲ್ಲಿ ಸ್ವೆಟರ್ ಹಾಕಿಕೊಳ್ಳಲು ಅಡ್ಡಿಯಿಲ್ಲ. 'ಕೋಲ್ಡ್' ಅಧಿಕಾರಿಗಳಿಗೆ, ಅವರು ಕಿಟಕಿ ಮುಚ್ಚಿಸಿಕೊಳ್ಳಬಹುದು. 'ಫ್ರೀಜಿಂಗ್' ಮಾತ್ರ ನಿರ್ದೇಶಕರ ಸ್ವತ್ತು. ಅದಕ್ಕೆ ಹೀಟರ್ ಉಂಟು.

ನಿರ್ದೇಶಕರ ಕೋಣೆಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಹೀಟರ್ ಹಚ್ಚಿ, ಅಂಗಿಯ ಗುಂಡಿ ಬಿಚ್ಚಿ, ಫ್ಯಾನ್ ಹಾಕಿಸಿಕೊಂಡು ಅವರು ಬಹಳ ಕಷ್ಟದಿಂದ ತಮ್ಮ ಪದವನ್ನು ಅನುಭವಿಸುತ್ತಿದ್ದರು. ದೊಡ್ಡವರ ಕಷ್ಟ ದೊಡ್ಡವರಿಗೇ ಗೊತ್ತು.

ನೆಲಮಾಳಿಗೆಯಲ್ಲಿ ಗುಮಾಸ್ತರ ದರ್ಜೆಯ ಟೆಲಿಫೋನ್ ಅಕ್ಕ ಕೂರುತ್ತಾರೆ. ದೀಪ ಹತ್ತಿಲ್ಲವೆಂದು ಕೂಗಾಡುವ ಸಾರ್ವಜನಿಕರು ಅವರ ದನಿ ಕೇಳಿದರೆ ತಣ್ಣಗಾಗಿ, ಕತ್ತಲಲ್ಲೇ ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಿದ್ದರು. ಆ ದನಿಯೇ ಅವರ ಅನ್ನ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆದರೆ ಅವರ ಬೆನ್ನ ಹಿಂದಿನ ಕಿಟಕಿಯ ಗಾಜು ಒಡೆದಿತ್ತು. ಗಾಳಿ ಸೀದಾ ಕುತ್ತಿಗೆಗೆ ಬಡಿದು ಗಂಟಲು ಕಟ್ಟತೊಡಗಿತು.

ಶಿಸ್ತು ವಿಭಾಗ ನನ್ನದು. ಅಕ್ಕ ನನ್ನ ಬಳಿ ಬಂದು, "ಸಾರ್, ಅಲ್ಲಿ ಫ್ರೀಜಿಂಗ್," ಎಂದರು.

ನಾನು ಓಡಿಹೋಗಿ ಬಾಗಿಲು ಮುಚ್ಚಿದೆ. "ಮೆತ್ತಗಮ್ಮಾ! ಯಾರಾದ್ರೂ ಕೇಳಿಸ್ಕೊಂಡ್ರೆ ನಿರ್ದೇಶಕರ ಚಳಿ ಕದ್ದ ಹಾಗಾಗುತ್ತೆ. ಚಿಲ್ಲಿ ಅನ್ನಿ."

"ಬೆರಳು ಮರಗಟ್ಟಿದೆ ಸಾರ್. ಬೇಕಾದ್ರೆ ಮುಟ್ಟಿ ನೋಡಿ."

ಮುಟ್ಟಿದೆ. ಮಂಜುಗಡ್ಡೆಯೇ. ನಾನೇನು ಕಲ್ಲೆದೆಯವನಲ್ಲ. "ತುಂಬಾ ಚಿಲ್ಲಿ," ಎಂದು ಒಪ್ಪಿಕೊಂಡೆ.

ಪಕ್ಕದಲ್ಲೇ ಕಾಫಿ ಕುಡಿಯುತ್ತಿದ್ದ ಸಲಹೆಗಾರರು ಲೋಟ ಕೆಳಗಿಟ್ಟರು. "ತುಂಬಾ ಅಂದ್ರೆ ಕೋಲ್ಡಿನ ಗಡಿ ದಾಟಿದ ಹಾಗೆ. ಸ್ವಲ್ಪ ಚಿಲ್ಲಿ ಅಂತ ಬೇಕಾದ್ರೆ ಹೇಳ್ಕೊಳ್ಲಿ."

"ಹೋಗ್ಲಿ, ಗಾಜಾದ್ರೂ ಹಾಕಿಸಿ. ದನಿ ಹೋದ್ರೆ ನನ್ನ ಕೆಲ್ಸಾನೂ ಹೋಗುತ್ತೆ," ಎಂದರು ಅಕ್ಕ.

"ಗಾಜು ಹಾಕಿದ್ರೆ ಕಿಟಕಿ ಮುಚ್ಚಿದ ಹಾಗಲ್ವೇ? ಅದು ಅಧಿಕಾರಿಗಳ ಸವಲತ್ತು," ಎಂದು ನಾನು ಗಿಣಿಗೆ ಹೇಳಿದ ಹಾಗೆ ಹೇಳಿದೆ.

ಹಾಗಂತ ನಮ್ಮ ಇಲಾಖೆಗೆ ಕರುಣೆ ಇಲ್ಲವೆಂದಲ್ಲ. ಇದನ್ನು ವಿಶೇಷ ಪ್ರಕರಣವೆಂದು ಪರಿಗಣಿಸಿ, ನಿರ್ದೇಶಕರು ತಮ್ಮ ಪದವನ್ನು ಅಕ್ಕನಿಗೆ ಎರವಲು ಕೊಡಲು ಒಪ್ಪಿದರು. ಸೆಕೆಯಿಂದ ಅವರಿಗೂ ಬಿಡುವು ಬೇಕಿತ್ತು. ಒಪ್ಪಿಗೆ ಮೇಜಿನಿಂದ ಮೇಜಿಗೆ, ಮಹಡಿಯಿಂದ ಮಹಡಿಗೆ ಇಳಿದು ಬರುವಷ್ಟರಲ್ಲಿ ಚಳಿಗಾಲ ಅರ್ಧ ಕಳೆದಿತ್ತು.

ಕೊನೆಗೂ ಇಬ್ಬರು ಜವಾನರು ಹೀಟರ್ ಹೊತ್ತು ನೆಲಮಾಳಿಗೆಗೆ ತಂದರು. ಹಿಂದೆ ನಿರ್ದೇಶಕರು, ಸಲಹೆಗಾರರು, ನಾನು. ಫಲಾನುಭವಿಯು ಸದರಿ ಪದವನ್ನು ಸ್ಪಷ್ಟವಾಗಿ ಉಚ್ಚರಿಸಿ ಪಡೆಯತಕ್ಕದ್ದು.

"ಹೇಳಿಬಿಡಮ್ಮಾ, ಸಂಕೋಚ ಬೇಡ," ಎಂದರು ನಿರ್ದೇಶಕರು.

ಅಕ್ಕ ಎದ್ದು ನಿಂತು ಬಾಯಿ ತೆರೆದರು. ತುಟಿ ಅಲ್ಲಾಡಿತು, ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಕರುಳು ಚುರುಕ್ಕೆಂದಿತು. ಅಕ್ಕ ಕೈ ಮುಗಿದು ಹೀಟರ್ ಕಡೆ ಬೆರಳು ತೋರಿಸಿದರು.

"ಸನ್ನೆಗೆ ಯಾವ ದರ್ಜೇನೂ ಇಲ್ಲ," ಎಂದರು ಸಲಹೆಗಾರರು.

"ಏನೂ ಹೇಳ್ತಿಲ್ಲ ಅಂದ್ರೆ ಚಳಿ ಬಿಟ್ಟಿರ್ಬೇಕು ಬಿಡಿ," ಎಂದು ನಿರ್ದೇಶಕರು ಸಮಾಧಾನಪಟ್ಟರು. ಹೀಟರ್ ಮೇಲಕ್ಕೆ ಹೋಯಿತು.

ಅಕ್ಕನ ಕೆಲಸ ಹೋಗುತ್ತದೆಂದೇ ಎಲ್ಲರೂ ಅಂದುಕೊಂಡಿದ್ದೆವು. ಆದದ್ದು ಬೇರೆ. ಫೋನ್ ಮಾಡಿದವರಿಗೆ ಈ ಕಡೆಯಿಂದ ಬರೀ ಉಸಿರು ಕೇಳಿಸತೊಡಗಿತು. ಸ್ವಲ್ಪ ಹೊತ್ತು ಹಲೋ ಹಲೋ ಎಂದು ಅವರೇ ಇಟ್ಟುಬಿಡುತ್ತಿದ್ದರು. ದೂರು ಮೇಲಿನ ಮಹಡಿಗೆ ಬರುವುದು ನಿಂತೇ ಹೋಯಿತು. ಊರಿನಲ್ಲಿ ದೀಪಗಳು ಎಂದಿನಂತೆಯೇ ಆರಿದ್ದವು, ಆದರೆ ನಮಗೆ ವರ್ಷದ ಅತ್ಯುತ್ತಮ ಇಲಾಖೆ ಎಂಬ ಫಲಕ ಬಂತು. ಎಲ್ಲ ಶಾಖೆಗಳ ಟೆಲಿಫೋನ್ ಕೋಣೆಗಳ ಗಾಜು ಒಡೆಸಲು ಟೆಂಡರ್ ಕರೆಯಲಾಗಿದೆ.

ಸನ್ಮಾನದ ದಿನ ಅಕ್ಕನನ್ನು ವೇದಿಕೆಯ ಮೇಲೆ ನಿಲ್ಲಿಸಿ, ಅವರ ಕೆಲಸ ಕಾಯಂ ಎಂದು ನಿರ್ದೇಶಕರು ಘೋಷಿಸಿದರು. ಅದೇ ಕಿಟಕಿ, ಅದೇ ಕುರ್ಚಿ. ಆಕ್ಷೇಪಣೆ ಇದ್ದರೆ ಈಗಲೇ ಹೇಳಿ ಎಂದೂ ಕೇಳಿದರು. ಯಾವ ಆಕ್ಷೇಪಣೆಯೂ ದಾಖಲಾಗಲಿಲ್ಲ. ಸಭೆ ಚಪ್ಪಾಳೆ ತಟ್ಟಿತು, ಅಕ್ಕನೂ ತಟ್ಟಿದರು. ನಾವೆಲ್ಲ ನಿಲ್ಲಿಸಿದ ಮೇಲೂ ಅಂಗೈ ಉಜ್ಜಿ ಉಜ್ಜಿ ತಟ್ಟುತ್ತಲೇ ಇದ್ದರು. ಇಲಾಖೆಯ ಮೇಲೆ ಅಂಥ ಅಭಿಮಾನ ಅವರಿಗೆ.