ಯಾರ್ಕಿನಲ್ಲಿ ಬೀಗರ ಊಟ

ಯಾರ್ಕಿನಲ್ಲಿ ಬೀಗರಿಗೆ ಒಂದು ಹೊತ್ತಿನ ಊಟ ಗೊತ್ತುಮಾಡುವುದು ಅಂಥ ಘನಕಾರ್ಯವೇನೂ ಅಲ್ಲವೆಂದು ನಾನು ತಿಳಿದಿದ್ದೆ. ಇಪ್ಪತ್ತೆರಡು ವರ್ಷಗಳಿಂದ ವಿಕ್ರೋಳಿಯ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ಇಂಗ್ಲೆಂಡಿನಿಂದ ವಾಲ್ವು, ಬೇರಿಂಗು ತರಿಸುತ್ತಿರುವವನು ನಾನು. ಅಲ್ಲಿಯ ಕಬ್ಬಿಣವನ್ನು ಇಲ್ಲಿಗೆ ತರಿಸಬಲ್ಲವನಿಗೆ, ಅಲ್ಲಿಯ ಊಟವನ್ನು ಅಲ್ಲೇ ಇರುವ ಇಬ್ಬರಿಗೆ ಬಡಿಸಲು ಆಗದೇ?

ಬೀಗರೆಂದರೆ ಅವರಿನ್ನೂ ಪೂರ್ತಿ ಬೀಗರಾಗಿರಲಿಲ್ಲ. ಮಗಳ ನಿಶ್ಚಿತಾರ್ಥ ಮುಗಿದಿತ್ತು, ಮದುವೆ ಡಿಸೆಂಬರಿನಲ್ಲಿತ್ತು. ನನ್ನಂಥ ಚಿಂತಾಮಣಿಗೆ ಈ ಎರಡರ ನಡುವಿನ ಕಾಲ ಬಹಳ ಅಪಾಯದ್ದು. ಬೀಗರು ಸೀನಿದರೂ ಸಂಬಂಧ ಸಡಿಲಾಯಿತೇನೋ ಎಂದು ಎದೆ ಹಾರುತ್ತದೆ. ಅವರು ಮೂಲತಃ ಮೈಸೂರಿನವರು. ಬ್ಯಾಂಕಿನಿಂದ ನಿವೃತ್ತರಾಗಿ ಕಾಂದಿವಲಿಯಲ್ಲಿ ಹೆಂಡತಿಯೊಂದಿಗೆ ನೆಮ್ಮದಿಯಾಗಿದ್ದಾರೆ. ಮೊಟ್ಟೆ ಬಿದ್ದೀತೆಂದು ಅಂಗಡಿಯ ಕೇಕನ್ನೂ ಮುಟ್ಟದ ಶಾಕಾಹಾರಿಗಳು.

ಒಂದು ಭಾನುವಾರ ವಡಾಲದ ನಮ್ಮ ಮನೆಗೆ ಬಂದವರು ಅವಲಕ್ಕಿ ತಿನ್ನುತ್ತಾ ಸುದ್ದಿ ಹೇಳಿದರು. ಇಬ್ಬರೂ ಒಂದು ತಂಡದ ಜೊತೆ ಇಂಗ್ಲೆಂಡ್ ಪ್ರವಾಸಕ್ಕೆ ಹೊರಟಿದ್ದಾರೆ. ದಿನವೂ ದಾಲು, ಅನ್ನ ಪ್ರವಾಸದವರದೇ. ಆದರೆ ಯಾರ್ಕ್ ಎಂಬ ಹಳೆಯ ಊರಿನಲ್ಲಿ ಒಂದು ಮಧ್ಯಾಹ್ನ ಮಾತ್ರ ಅವರವರ ಊಟ ಅವರವರದು. ಅದೇ ದಿನ ಇವರ ಮದುವೆಯ ವಾರ್ಷಿಕೋತ್ಸವ.

"ಕುಲಕರ್ಣಿಯವರೇ, ನೀವು ದಿನಾ ಆ ದೇಶಕ್ಕೆ ಮೇಲ್ ಬರೆಯೋರು," ಎಂದರು ಬೀಗರು. "ಎಲ್ಲಿ ತಿಂದ್ರೆ ಚೆನ್ನಾಗಿರುತ್ತೆ ಅಂತ ನೀವೇ ನೋಡಿ ಒಂದು ಟೇಬಲ್ ಹೇಳಿಬಿಡಿ."

ಹೆಣ್ಣು ಹೆತ್ತವರ ಕೈಯ ಮೊದಲ ಊಟ! ಇದು ಕೆಟ್ಟರೆ ಮದುವೆಯ ಊಟದ ಗತಿಯೇನೆಂದು ಅವರು ಲೆಕ್ಕ ಹಾಕದೆ ಇರುವರೇ? ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಅವರು ಹೋದ ಮೇಲೆ ನನ್ನ ಹೆಂಡತಿ ವಿಜಯಾ ತಟ್ಟೆಗಳನ್ನು ಎತ್ತುತ್ತಾ, "ವಡಾಲದಾಗ ಎಲ್ಲೆ ಊಟ ಛಲೋ ಸಿಗತದ ಅಂತ ಗೊತ್ತಿಲ್ಲ ನಿಮಗ. ಯಾರ್ಕಿಂದು ಹೇಳಾಕ ಹೊಂಟೀರಿ," ಎಂದಳು. ಧಾರವಾಡದವರು ಹರಸುವುದೂ ಇದೇ ಧಾಟಿಯಲ್ಲಿ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನದಿಂದ ಲೋಕಲ್ ರೈಲಿನಲ್ಲಿ ನಿಂತೇ, ಫೋನಿನಲ್ಲಿ ಸಂಶೋಧನೆ ಶುರುವಾಯಿತು. ಯಾರ್ಕಿನ ಅತಿ ಪ್ರಸಿದ್ಧ ಓಣಿಯಲ್ಲಿ ಮನೆಗಳು ಒಂದರ ಮೇಲೊಂದು ಬಾಗಿ ಗುಟ್ಟು ಹೇಳುವಂತೆ ನಿಂತಿವೆ, ಕೆಳಗೆಲ್ಲ ತಿಂಡಿಯಂಗಡಿಗಳು. ಮೆಚ್ಚಿದೆ. ಮುಂದಿನ ಸಾಲಿನಲ್ಲಿ, ಅದು ಒಂದು ಕಾಲಕ್ಕೆ ಕಟುಕರ ಓಣಿಯಾಗಿತ್ತೆಂದೂ ಮಾಂಸ ತೂಗುಹಾಕುವ ಕೊಕ್ಕೆಗಳು ಇನ್ನೂ ಇವೆಯೆಂದೂ ಬರೆದಿತ್ತು. ಇಡೀ ಓಣಿಯನ್ನೇ ರದ್ದು ಮಾಡಿದೆ. ಇನ್ನೊಂದು ಹಳೆಯ ಮನೆಯ ಹೋಟೆಲಿನಲ್ಲಿ ದೆವ್ವವಿದೆಯೆಂದು ಅವರೇ ಜಾಹೀರಾತು ಕೊಟ್ಟಿದ್ದರು. ವಾರ್ಷಿಕೋತ್ಸವದ ದಿನ ದೆವ್ವ ಬೇಡ. ನದಿಯ ದಂಡೆಯದು ಚೆನ್ನಾಗಿತ್ತು. ಬೀಗಿತ್ತಿಯವರಿಗೆ ಮೊಣಕಾಲು ನೋವು, ಜಾರಿದರೆ? ಚಹಾದ ಮನೆಗಳು ಹೆಸರುವಾಸಿ, ಆದರೆ ಬೀಗರನ್ನು ಚಹಾ ಕುಡಿಸಿ ಕಳಿಸಿದನೆಂಬ ಮಾತು ಬಂದೀತು. ಇಂಡಿಯನ್ ಹೋಟೆಲಿಗೆ ಕಳಿಸಿದರೆ, ಸಮುದ್ರ ದಾಟಿಸಿ ಪಾಲಕ್ ಪನೀರ್ ತಿನ್ನಿಸಿದ ಎಂದಾರು. ಈ ಚಿಂತನೆಯಲ್ಲಿ ಕುರ್ಲಾದಲ್ಲಿ ಇಳಿದು ಗಾಡಿ ಬದಲಿಸುವುದನ್ನು ಮರೆತು ಎರಡು ದಿನ ಮಾನಖುರ್ದ್‌ವರೆಗೆ ಹೋಗಿಬಂದೆ.

ಕೊನೆಗೆ ಆ ಊರಿನ ದೊಡ್ಡ ಚರ್ಚಿನ ಬಳಿ, ಕಲ್ಲಿನ ಗೋಡೆಯ, ಎಂಟೇ ಮೇಜುಗಳ ಒಂದು ಚಿಕ್ಕ ಹೋಟೆಲು ಸಿಕ್ಕಿತು. ಶಾಕಾಹಾರದ ಪಟ್ಟಿ ಪ್ರತ್ಯೇಕವಾಗಿಯೇ ಇತ್ತು. ಯಾವ ಕೊರತೆಯೂ ಕಾಣಲಿಲ್ಲ. ಬುದ್ಧಿವಂತನಾಗಿದ್ದರೆ ಇಬ್ಬರ ಹೆಸರು ಬರೆದು ಫೋನು ಕಿಸೆಯಲ್ಲಿಡಬೇಕಾಗಿತ್ತು.

ಆದರೆ ಬುಕಿಂಗ್ ಫಾರಂನಲ್ಲಿ ಒಂದು ಪ್ರಶ್ನೆಯಿತ್ತು: ಅತಿಥಿಗಳಿಗೆ ಯಾವ ಯಾವ ಪದಾರ್ಥ ಆಗಿಬರುವುದಿಲ್ಲ? ಕೆಳಗೆ ಹದಿನಾಲ್ಕು ಹೆಸರು, ಹದಿನಾಲ್ಕು ಚೌಕ. ನಮ್ಮ ಖರೀದಿ ವಿಭಾಗದ ಮೂಲಮಂತ್ರವೇ ಇದು: ಬೇಡವಾದ್ದನ್ನು ಬರೆಯದೆ ಬಿಟ್ಟರೆ ಮಾರುವವನು ಅದನ್ನೇ ಕಳಿಸುತ್ತಾನೆ. ಮೀನು, ಏಡಿ, ಸಿಂಪಿ, ಮೊಟ್ಟೆಗೆ ಗುರುತು ಹಾಕಿದೆ. ಇದು ಸರಿಯೇ. ಆಮೇಲೆ ಹಾಲು. ಅಲ್ಲಿಯ ಕೆಲವು ಚೀಸಿಗೆ ಕರುವಿನ ಹೊಟ್ಟೆಯ ರಸ ಹಾಕುತ್ತಾರೆಂದು ಓದಿದ್ದೆ, ಹಾಲಿಗೂ ಹಾಕಿದೆ. ಸಾಸಿವೆ? ಚಿತ್ರಗಳಲ್ಲೆಲ್ಲ ಅದು ಮಾಂಸದ ಪಕ್ಕದಲ್ಲೇ ಕೂತಿರುತ್ತದೆ. ಸಹವಾಸದೋಷ! ಸೋಯಾ ಜಗಿದರೆ ಮಾಂಸದ ಹಾಗೇ ಇರುತ್ತದೆಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಬೀಗಿತ್ತಿಯವರಿಗೆ ಸಂಶಯ ಬಂದರೆ? ಗೋಧಿಯಲ್ಲಿರುವ ಗ್ಲೂಟೆನ್ ಎಂಬುದನ್ನು ದೊಡ್ಡ ದೊಡ್ಡವರು ಬಿಡುತ್ತಾರೆಂದು ಕೇಳಿದ್ದೆ. ನಮ್ಮ ಬೀಗರೇನು ಕಡಿಮೆಯೇ? ಲೂಪಿನ್ ಎಂದರೆ ಏನೆಂದೇ ತಿಳಿಯಲಿಲ್ಲ. ತಿಳಿಯದ್ದು ಬಾಲವಿರುವ ಪ್ರಾಣಿಯೇ ಇರಬೇಕು. ಒಂಬತ್ತಕ್ಕೆ ಗುರುತು ಬಿದ್ದ ಮೇಲೆ ಉಳಿದ ಐದು ಚೌಕ ಖಾಲಿ ಬಿಡುವುದು ನಮ್ಮ ವಿಭಾಗದ ಶಿಸ್ತಿಗೆ ಒಪ್ಪುವಂಥದ್ದಲ್ಲ.

ಮುಂದಿನ ಪ್ರಶ್ನೆ, ತಿಂದರೆ ತೊಂದರೆ ಎಷ್ಟು? ಸ್ವಲ್ಪ, ಹೆಚ್ಚು, ಪ್ರಾಣಾಪಾಯ. ಒಂದು ಚೂರು ಮೊಟ್ಟೆ ಹೊಟ್ಟೆಗೆ ಹೋದರೂ ನನ್ನ ಮಗಳ ಸಂಬಂಧದ ಪ್ರಾಣವೇ ಹೋಗುತ್ತದೆ. ಅದು ಪ್ರಾಣಾಪಾಯವಲ್ಲದೆ ಇನ್ನೇನು? ಅದಕ್ಕೇ ಗುರುತು ಹಾಕಿ, ಜೊತೆಗೆ ಎರಡು ಪುಟದ ಮೇಲ್ ಕೂಡ ಕಳಿಸಿದೆ.

ಎರಡು ದಿನಕ್ಕೆ ಉತ್ತರ ಬಂತು. ಅತಿಥಿಗಳು ಬರುವಾಗ ತಮ್ಮ ಔಷಧವನ್ನು ಜೊತೆಗೆ ತರುವರೇ ಎಂದು ಕೇಳಿದ್ದರು. ಊಟಕ್ಕೆ ಬರುವವರ ಮಾತ್ರೆಯನ್ನೂ ನೆನಪಿಸುವ ಆ ಜನರ ಸಂಸ್ಕಾರಕ್ಕೆ ನನ್ನ ಕಣ್ಣು ತೇವವಾಯಿತು. ಯಜಮಾನರು ಬಿಪಿ ಮಾತ್ರೆಯನ್ನು ಬೆಳಿಗ್ಗೆಯೇ ನುಂಗುತ್ತಾರೆ, ತಾವು ಚಿಂತಿಸಬಾರದು ಎಂದು ಬರೆದೆ.

ಆ ದಿನ ಬಂತು. ಅಲ್ಲಿಯ ಮಧ್ಯಾಹ್ನ ಒಂದು ಗಂಟೆಯೆಂದರೆ ನಮಗೆ ಸಂಜೆ ಐದೂವರೆ. ನಾನು ಚಹಾ ಹಿಡಿದು, ಶ್ಲಾಘನೆಯನ್ನು ಸ್ವೀಕರಿಸುವ ಭಂಗಿಯಲ್ಲಿ ಕೂತಿದ್ದೆ. ಆರು ಗಂಟೆಗೆ ವಿಡಿಯೋ ಕಾಲ್ ಬಂತು. ತೆರೆಯ ಮೇಲೆ ಬೀಗರ ಮುಖ ಸಣ್ಣಗಾಗಿತ್ತು.

"ಕುಲಕರ್ಣಿಯವರೇ, ನಮಗೆ ಏನು ಕಾಯಿಲೆ ಅಂತ ಇವರಿಗೆ ಬರೆದಿದೀರಿ?"

ಅವರು ನಿಧಾನವಾಗಿ ವಿವರಿಸಿದರು. ಬಾಗಿಲಲ್ಲೇ ಇಬ್ಬರು ಬಂದು ಬೀಗಿತ್ತಿಯವರ ತೋಳು ಹಿಡಿದು ಕರೆದೊಯ್ದರಂತೆ. ಇವರನ್ನು ಮೂಲೆಗೆ ಕೂಡಿಸಿ ಅಕ್ಕಪಕ್ಕದ ಮೇಜು ಖಾಲಿ ಮಾಡಿಸಿದರಂತೆ. ಕೈಗವಸು ತೊಟ್ಟವಳೊಬ್ಬಳು, ಇಂಥವರಿಗೆಂದೇ ಬೇರೆಯಿಟ್ಟ ನೇರಳೆ ಬಣ್ಣದ ತಟ್ಟೆ ತಂದಿಟ್ಟಳಂತೆ. ಅದರಲ್ಲಿ ಬೇಯಿಸಿದ ಐದು ಆಲೂಗಡ್ಡೆ, ನಾಲ್ಕು ತುಂಡು ಗಜ್ಜರಿ. ಉಪ್ಪು ಕೇಳಿದ್ದಕ್ಕೆ ಒಳಗೆ ವಿಚಾರಿಸಿ ಬರುತ್ತೇನೆಂದು ಹೋದವಳು ಇನ್ನೂ ಬಂದಿಲ್ಲ. ಆಸ್ಪತ್ರೆ ಐದೇ ನಿಮಿಷದ ದಾರಿಯೆಂದು ಮಾತ್ರ ಮೂರು ಸಲ ಹೇಳಿದ್ದಾರಂತೆ. ಪಕ್ಕದಲ್ಲಿ ಬೀಗಿತ್ತಿಯವರು ಹೊಸ ರೇಷ್ಮೆ ಸೀರೆಯುಟ್ಟು ಆಲೂಗಡ್ಡೆಯನ್ನು ನೋಡುತ್ತಾ ಕೂತಿದ್ದರು.

ವಿಜಯಾ ನನ್ನನ್ನು ಪಕ್ಕಕ್ಕೆ ಎಳೆದು ವಿಚಾರಿಸಿದಳು. ಹೇಳಿದೆ.

"ಹದಿನಾಲ್ಕಕ್ಕ ಹದಿನಾಲ್ಕೂ ಬ್ಯಾಡ ಅಂದೀರಿ? ಹಂಗಾರ ಅವರು ತಿನ್ನೂದರ ಏನ್ರೀ, ಗಾಳಿ?"

ಫೋನು ಅವಳ ಕೈಗೆ ಹೋಯಿತು. ಅಡಿಗೆಯವರನ್ನು ಕರೆಯಿರಿ ಎಂದಳು. ಬಿಳಿ ಟೋಪಿಯ ಹೆಂಗಸೊಬ್ಬಳು ಗಾಬರಿಯ ಮುಖದಿಂದ ತೆರೆಯೊಳಗೆ ಬಂದಳು. ವಿಜಯಾ ಅವಳನ್ನು ನಮ್ಮ ಓಣಿಯಲ್ಲಿ ತರಕಾರಿ ಮಾರುವ ಭಾಜಿವಾಲಿಯಂತೆ ನೋಡಿ, "ನೋ ಮೀಟ್, ನೋ ಫಿಶ್, ನೋ ಎಗ್. ಬಾಕಿ ಸಬ್ ಓಕೆ," ಎಂದಳು.

ಆ ಹೆಂಗಸಿಗೆ ಒಂದೇ ಸಲಕ್ಕೆ ಅರ್ಥವಾಯಿತು. ನನ್ನ ಎರಡು ಪುಟದ ಮೇಲ್‌ಗೆ ಆಗದ ಕೆಲಸ! ಅವಳು ಅಲ್ಲೇ ಒಂದು ಕುರ್ಚಿ ಎಳೆದು ಕೂತುಬಿಟ್ಟಳು. ಈ ಊಟಕ್ಕಾಗಿ ಇಡೀ ಅಡಿಗೆಮನೆಯನ್ನು ಎರಡು ಸಲ ತೊಳೆದಿದ್ದರಂತೆ. ಆಮೇಲೆ ಫೋನು ಕಡಿಯಿತು.

ಮುಂದಿನ ಒಂದು ಗಂಟೆಯಲ್ಲಿ ನಾನು ಮನಸ್ಸಿನಲ್ಲೇ ಮದುವೆ ಮುರಿದುಕೊಂಡು, ನೆಂಟರಿಗೆಲ್ಲ ಸಮಜಾಯಿಷಿ ಕೊಟ್ಟು, ಮಗಳ ಕ್ಷಮೆ ಕೇಳಿ ಮುಗಿಸಿದ್ದೆ. ಆಗ ಮತ್ತೆ ಕಾಲ್ ಬಂತು. ಅಣಬೆ ತುಂಬಿದ ಬಿಸಿ ಪೈ ಬಂತಂತೆ, ಬೆಣ್ಣೆ ಹಚ್ಚಿದ ಬ್ರೆಡ್ ಬಂತಂತೆ, ಕೆನೆ ಸುರಿದ ಸ್ಟ್ರಾಬೆರಿಯನ್ನು ಬೀಗಿತ್ತಿಯವರು ಎರಡು ಬಟ್ಟಲು ತಿಂದರಂತೆ. ಕಾಯಿಲೆಯಿಲ್ಲದ ಇವರನ್ನು ಕಂಡ ಸಂತೋಷಕ್ಕೆ ಉಳಿದ ಮೇಜುಗಳವರು ಚಪ್ಪಾಳೆ ತಟ್ಟಿದರಂತೆ. ಇಷ್ಟು ವರ್ಷದಲ್ಲಿ ಇಂಥ ವಾರ್ಷಿಕೋತ್ಸವ ಆಗಿರಲಿಲ್ಲವೆಂದು ಬೀಗಿತ್ತಿಯವರು ತಾವೇ ಹೇಳಿದರು. ನನಗೆ ಹೋದ ಜೀವ ಬಂತು.

ಆಮೇಲೆ ಬೀಗರು ಫೋನು ಹಿಡಿದು ಒಬ್ಬರೇ ಹೊರಗೆ ಬಂದರು. ಅವರ ಬೆನ್ನ ಹಿಂದೆ ಚರ್ಚಿನ ಗೋಪುರ ಕಾಣುತ್ತಿತ್ತು. ದನಿ ತಗ್ಗಿಸಿ ಕೇಳಿದರು:

"ಕುಲಕರ್ಣಿಯವರೇ, ತಪ್ಪು ತಿಳ್ಕೋಬೇಡಿ. ನಿಮ್ಮ ಮಗಳು ಸ್ವಭಾವದಲ್ಲಿ ಯಾರ ಹಾಗೆ?"

"ಪೂರಾ ತಾಯಿಯ ಹಾಗೆ," ಎಂದೆ.

ಯಾರ್ಕಿನ ಆ ಗದ್ದಲದ ಬೀದಿಯಲ್ಲಿ ಬೀಗರು ಬಿಟ್ಟ ನೆಮ್ಮದಿಯ ನಿಟ್ಟುಸಿರು ವಡಾಲದಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು.