ಗಂಡಿನ ಮನೆಯ ನೀರು

ನಮ್ಮ ಸೋದರತ್ತೆ ಈವರೆಗೆ ಮೂರು ಮದುವೆಗಳನ್ನು ಮುರಿದಿದ್ದಾರೆ. ಜಾತಕ, ಜಗಳ, ಚಾಡಿ ಮುಂತಾದ ಸಾಮಾನ್ಯ ಆಯುಧಗಳನ್ನು ಅವರು ಮುಟ್ಟಿದವರೇ ಅಲ್ಲ. ಮೂರನ್ನೂ ಮುರಿದದ್ದು ನೀರಿನಿಂದ!

ನಮ್ಮ ವಂಶದ ಹೆಣ್ಣುಮಕ್ಕಳಿಗೆ ಸಂಬಂಧ ಬಂದರೆ ಗಂಡಿನ ಮನೆ ನೋಡಲು ಮೊದಲು ಹೊರಡುವವರು ಅತ್ತೆ. ಉಳಿದವರು ಮಹಡಿ, ತೋಟ, ಕಾರು ನೋಡುತ್ತಿದ್ದರೆ ಇವರು ಬೀದಿಯಲ್ಲಿ ನಿಂತು ಮಕ್ಕಳಿಗೆ ಕಡ್ಲೆಮಿಠಾಯಿ ಹಂಚುತ್ತಾರೆ. ಎಂಥ ಕರುಳು ಎಂದುಕೊಂಡಿರಾ? ಮಿಠಾಯಿ ಕಂಡರೆ ಮಕ್ಕಳು ನಗುತ್ತವೆ. ನಕ್ಕಾಗ ಅತ್ತೆ ಹಲ್ಲು ನೋಡುತ್ತಾರೆ. ಹಲ್ಲಿನ ಮೇಲೆ ಕಂದು ಪಟ್ಟೆ ಕಂಡರೆ ಆ ಊರಿನ ಬೋರ್‌ವೆಲ್‌ನಲ್ಲಿ ಫ್ಲೋರೈಡ್ ಇದೆಯೆಂದು ತೀರ್ಪು. ಸಂಬಂಧ ರದ್ದು, ಮೇಲ್ಮನವಿಗೆ ಅವಕಾಶವಿಲ್ಲ!

"ನೀರನ್ನೇ ಕುಡಿದು ನೋಡಬಾರದೇ ಅತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಅದು ನಾಲ್ಗೆಗೆ ಗೊತ್ತಾಗಕ್ಕಿಲ್ಲ ಕಣ್ಲಾ. ಹಲ್ಲು ಸುಳ್ಳು ಹೇಳಕ್ಕಿಲ್ಲ."

ಬೀಗರಾಗಬೇಕಿದ್ದ ಒಬ್ಬರು ಎದೆಯುಬ್ಬಿಸಿ ವಾದಿಸಿದರು: "ನಾವು ಕಾಯಿಸ್ದೆ ಕುಡಿಯೋದೇ ಇಲ್ಲ ಕಣಮ್ಮ!"

"ಕಾಯಿಸಿದ್ರೆ ಕ್ರಿಮಿ ಸಾಯ್ತವೆ. ಫ್ಲೋರೈಡ್‌ಗೇನು ಜೀವ ಐತಾ, ಸಾಯಾಕೆ? ನೀರು ಬತ್ತಿದಷ್ಟೂ ಅದು ಹೆಚ್ಚಾಯ್ತದೆ" ಎಂದರು ಅತ್ತೆ.

ಆ ಮಹಾನುಭಾವರು ಕೈಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅತ್ತೆ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವರು. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ!

ಈ ವರ್ಷ ನನ್ನ ಮಗಳ ಸರದಿ ಬಂತು. ಹುಡುಗ ಚನ್ನಪಟ್ಟಣದ ಹತ್ತಿರದ ಹಳ್ಳಿಯವನು, ಮೇಷ್ಟ್ರು. "ಮದುವೆ ಅಂತಾದರೆ ಇವರನ್ನೇ" ಎಂದು ಮಗಳು ಹೇಳಿಯಾಗಿತ್ತು. ಆದರೆ ಅತ್ತೆ ಅವಳಿಗೆ ಅಜ್ಜಿ; ಎತ್ತಿ ಆಡಿಸಿದ ಆ ಅಜ್ಜಿಯ ಮಾತು ಮೀರುವ ಧೈರ್ಯ ಮಾತ್ರ ಅವಳಿಗಿಲ್ಲ. ನನಗಂತೂ ಮೊದಲಿಂದಲೂ ಇಲ್ಲ. ಅತ್ತೆಯನ್ನೂ ಮಗಳನ್ನೂ ಕೂರಿಸಿಕೊಂಡು ರಾಮನಗರದಿಂದ ಹೊರಟ ಕಾರು ಕೆಂಗಲ್ ದಾಟುವಾಗ ಆಂಜನೇಯನಿಗೆ ಕೈಮುಗಿದೆ. ಸ್ವಾಮಿ, ಆ ಬೀದಿಯ ಮಕ್ಕಳು ಇವತ್ತೊಂದು ದಿನ ನಗದಿರಲಿ!

ಮಕ್ಕಳು ನಕ್ಕವು. ಹಲ್ಲುಗಳು ಹಾಲಿನಂತಿದ್ದವು! ನಾನು ಉಸಿರು ಬಿಡುವಷ್ಟರಲ್ಲಿ ಮದುವೆಯ ಹುಡುಗ ತುಟಿ ಬಿಗಿದುಕೊಂಡು ಮನೆಯೊಳಗಿಂದ ನೀರಿನ ಲೋಟ ತಂದ.

"ಒಸಿ ನಗಪ್ಪಾ" ಎಂದರು ಅತ್ತೆ.

ಅವನು ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಏನನ್ನಿಸಿತೋ, ತೆಗೆದ. ಎಲ್ಲ ಹಲ್ಲಿಗೂ ಕಂದು ಪಟ್ಟೆ. ನನ್ನ ಮಗಳ ಮುಖ ಬಿಳಿಚಿತು.

"ಚಿಕ್ಕೋನಾಗಿದ್ದಾಗ ಬೋರ್ ನೀರೇ ಕುಡ್ದಿದ್ದು ಅಜ್ಜಿ. ಈಗ ಮಳೆನೀರು ಹಿಡಿತೀವಿ. ಬೀದಿಯೋರ್ಗೂ ತೊಟ್ಟಿ ಮಾಡಿಸ್ದೆ."

"ಮೊದ್ಲ ಮಳೇನೂ ಹಿಡಿತೀಯಾ?"

"ಇಲ್ಲಜ್ಜಿ. ಅದು ಚಾವಣಿ ತೊಳ್ಕಂಡು ಹೋಗ್ಲಿ ಅಂತ ಹೊರಕ್ಕೆ ಬುಡ್ತೀವಿ. ಆಮೇಲಿಂದು ಸೋಸಿ, ಮುಚ್ಚಿಟ್ಟು, ಕಾಯಿಸಿ ಕುಡಿತೀವಿ."

ಅತ್ತೆ ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಬರಿದು ಮಾಡಿದರು. ಗಂಡಿನ ಮನೆಯೊಂದರಲ್ಲಿ ಅವರು ನೀರು ಕುಡಿದದ್ದನ್ನು ನಾನು ಕಂಡದ್ದು ಅದೇ ಮೊದಲು. ಮದುವೆ ಗೊತ್ತಾಯಿತೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಇಸ್ಕೂಲಲ್ಲೂ ಹಿಂಗೇ ಬಾಯಿ ಮುಚ್ಕತೀಯಾ ಮಗಾ?"

ಹುಡುಗ ತಲೆ ತಗ್ಗಿಸಿದ.

ಅತ್ತೆ ನಗುವಾಗಲೆಲ್ಲ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ಅದು ಹಳೇ ಕಾಲದ ಹೆಂಗಸರ ನಾಚಿಕೆಯೆಂದೇ ಐವತ್ತು ವರ್ಷ ನಂಬಿದ್ದೆ. ಅಂದು ಅವರು ಸೆರಗನ್ನು ಕೆಳಗಿಳಿಸಿ, ಅವನ ಗಲ್ಲ ಹಿಡಿದೆತ್ತಿದರು.

"ಮುಚ್ಕಬ್ಯಾಡ ಕಂದ. ನನ್ನಷ್ಟು ವಯಸ್ಸಾಗಗಂಟ ಮುಚ್ಕಂಡಿದ್ರೆ ಕೈ ನೋಯ್ತದೆ" ಎಂದು, ಕಂದು ಹಲ್ಲುಗಳಷ್ಟನ್ನೂ ತೋರಿಸಿ ನಕ್ಕರು.